ದನಿಗೆ ನೆಲೆ ಕಂಡವನು: ಅಲನ್ ಬ್ಲಮ್‌ಲೈನ್

1931ನೆಯ ಇಸವಿಯ ಒಂದು ದಿನ, ಇನ್ನೂ ಮೂವತ್ತು ತುಂಬದ ಎಂಜಿನಿಯರನೊಬ್ಬನು ತಾನು ಮದುವೆಯಾಗಲಿದ್ದ ಡೊರೀನ್ ಲೇನ್ ಎಂಬಾಕೆಯೊಂದಿಗೆ ಚಿತ್ರಮಂದಿರದಲ್ಲಿ ಕುಳಿತಿದ್ದನು. ಮಾತಿನ ಚಿತ್ರಗಳು ಆಗಷ್ಟೇ ಬಂದಿದ್ದ ಕಾಲವದು. ತೆರೆಯ ಮೇಲಿನ ಮನುಷ್ಯರು ಬಾಯಿ ತೆರೆದು ಮಾತನಾಡುವುದೇ ಪ್ರೇಕ್ಷಕರಿಗೆ ಸೋಜಿಗವಾಗಿತ್ತು. ಆದರೆ ಆ ಎಂಜಿನಿಯರನಿಗೆ ಸೋಜಿಗಕ್ಕಿಂತ ಕಿರಿಕಿರಿಯೇ ಹೆಚ್ಚಾಯಿತು. ಪಾತ್ರಧಾರಿಯು ತೆರೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಡೆದುಹೋಗುತ್ತಿದ್ದನು. ಅವನ ದನಿ ಮಾತ್ರ ನಟ್ಟ ಕಂಬದಂತೆ ಒಂದೇ ಕಡೆ ನಿಂತಿತ್ತು. ಕುರುಡನೊಬ್ಬನು ಇಲ್ಲಿ ಕುಳಿತಿದ್ದರೆ ನಟನು ನಡೆದದ್ದು ಅವನಿಗೆ ತಿಳಿಯುವುದಾದರೂ ಹೇಗೆ ಎಂದು ಅವನು ಯೋಚಿಸಿದನು. ದನಿಯು ನಟನ ಹಿಂದೆಯೇ ನಡೆದುಹೋಗುವಂತೆ ಮಾಡುವ ದಾರಿಯೊಂದು ತನಗೆ ಹೊಳೆದಿದೆಯೆಂದು ಜೊತೆಗಿದ್ದ ಡೊರೀನಳಿಗೆ ತಿಳಿಸಿದನು. ಆಕೆ ಈ ಸಂಗತಿಯನ್ನು ಮುಂದೆ ಬಹುಕಾಲ ನೆನಪಿಟ್ಟುಕೊಂಡಿದ್ದಳು.

ಆ ಎಂಜಿನಿಯರನೇ ಅಲನ್ ಡವರ್ ಬ್ಲಮ್‌ಲೈನ್. ಅದೇ ವರ್ಷದ ಡಿಸೆಂಬರ್ 14ರಂದು ಅವನು ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ, ನಾವು ಇಂದು ಸ್ಟೀರಿಯೊ ಎಂದು ಕರೆಯುವ ವಿದ್ಯೆಯ ಬಹುಪಾಲು ಅಡಕವಾಗಿದೆ. ಅದನ್ನು ಜಗತ್ತು ಅಂಗಡಿಯಲ್ಲಿ ಕೊಂಡು ಮನೆಯಲ್ಲಿ ಕೇಳುವ ಹೊತ್ತಿಗೆ ಅವನು ಸತ್ತು ಹದಿನಾರು ವರ್ಷಗಳಾಗಿದ್ದವು.

ಬ್ಲಮ್‌ಲೈನ್ ಹುಟ್ಟಿದ್ದು 1903ರ ಜೂನ್ 29ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ತಂದೆ ಸೆಮ್ಮಿ ಬ್ಲಮ್‌ಲೈನ್ ಜರ್ಮನಿಯಲ್ಲಿ ಹುಟ್ಟಿ ಬ್ರಿಟಿಷ್ ಪ್ರಜೆಯಾದವನು. ತಾಯಿ ಜೆಸ್ಸಿ ದಕ್ಷಿಣ ಆಫ್ರಿಕದಲ್ಲಿ ಕೆಲಸ ಮಾಡಿದ ಸ್ಕಾಟಿಷ್ ಪಾದ್ರಿಯೊಬ್ಬನ ಮಗಳು. ಹುಡುಗನ ಓದು ಬಹಳ ಹಿಂದುಳಿದಿತ್ತು. ಹನ್ನೆರಡು ವರ್ಷವಾದರೂ ಪುಸ್ತಕವನ್ನು ಸರಾಗವಾಗಿ ಓದಲು ಬರುತ್ತಿರಲಿಲ್ಲವೆಂದು ಮನೆಯವರು ಹೇಳುತ್ತಿದ್ದರು. ಆದರೆ ಏಳನೆಯ ವಯಸ್ಸಿನಲ್ಲಿಯೇ ಮನೆಯ ಬಾಗಿಲಿನ ಕರೆಗಂಟೆಯನ್ನು ರಿಪೇರಿ ಮಾಡಿ, ತನ್ನ ಹೆಸರಿನ ಮುಂದೆ ಎಲೆಕ್ಟ್ರಿಕಲ್ ಎಂಜಿನಿಯರ್ ಎಂದು ಬರೆದುಕೊಂಡು, ತಂದೆಗೆ ಕೂಲಿಯ ಬಿಲ್ಲನ್ನು ಕೊಟ್ಟಿದ್ದನಂತೆ. ಅಕ್ಷರಕ್ಕೆ ಒಲಿಯದ ಬುದ್ಧಿ ತಂತಿಗೆ ಒಲಿದಿತ್ತು. ಮಕ್ಕಳ ಜಾಣತನವನ್ನು ಓದಿನ ಒಂದೇ ಅಳತೆಗೋಲಿನಿಂದ ಅಳೆಯುವವರು ಈ ಹುಡುಗನನ್ನು ದಡ್ಡರ ಪಟ್ಟಿಯಲ್ಲಿಯೇ ಸೇರಿಸುತ್ತಿದ್ದರು.

ಹೈಗೇಟ್ ಶಾಲೆಯ ನಂತರ ಅವನು ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜನ್ನು ಸೇರಿದನು. ಮೊದಲ ವರ್ಷವನ್ನು ಬಿಟ್ಟು ನೇರವಾಗಿ ಎರಡನೆಯ ವರ್ಷಕ್ಕೆ ಪ್ರವೇಶ ದೊರೆತು, ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದನು. 1924ರಲ್ಲಿ ಇಂಟರ್‌ನ್ಯಾಷನಲ್ ವೆಸ್ಟರ್ನ್ ಎಲೆಕ್ಟ್ರಿಕ್ ಎಂಬ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಅವನ ಪಾಲಿಗೆ ಬಂದದ್ದು ಒಂದು ವಿಚಿತ್ರವಾದ ತೊಡಕು. ದೂರದ ಊರುಗಳ ನಡುವೆ ಹತ್ತಾರು ತಂತಿಗಳು ಒಟ್ಟೊಟ್ಟಿಗೆ ಹೋಗುವಾಗ ಒಂದು ತಂತಿಯ ಮಾತು ಪಕ್ಕದ ತಂತಿಗೆ ಸೋರಿ, ಯಾರದೋ ಸಂಭಾಷಣೆಯಲ್ಲಿ ಇನ್ನಾರದೋ ಪಿಸುಮಾತು ಬೆರೆಯುತ್ತಿತ್ತು. ಈ ಸೋರಿಕೆಯನ್ನು ಅಳೆಯುವ ಮತ್ತು ತಗ್ಗಿಸುವ ಉಪಾಯಗಳಲ್ಲಿ ಅವನ ಮೊದಲ ಹೆಸರು ನಿಂತಿತು. ಒಟ್ಟಿಗಿರುವ ಎರಡು ದನಿಗಳನ್ನು ಒಂದಕ್ಕೊಂದು ತಾಗದಂತೆ ಕಾಯುವುದು ಹೇಗೆಂಬ ಅಲ್ಲಿನ ಪಾಠ ಮುಂದೆ ಗ್ರಾಮಫೋನ್ ತಟ್ಟೆಯ ಒಂದೇ ಗೀರಿನೊಳಗೆ ಉಪಯೋಗಕ್ಕೆ ಬರಲಿತ್ತು.

1929ರಲ್ಲಿ ಬ್ಲಮ್‌ಲೈನ್ ಕೊಲಂಬಿಯ ಗ್ರಾಫೋಫೋನ್ ಕಂಪನಿಯನ್ನು ಸೇರಿದನು. ಅಲ್ಲಿನ ಮುಖ್ಯಸ್ಥ ಐಸಾಕ್ ಶೋನ್‌ಬರ್ಗ್ ರಷ್ಯದಿಂದ ಬಂದು ನೆಲೆಸಿದವನು, ತನ್ನ ಕೈಕೆಳಗಿನವರ ಬುದ್ಧಿಗೆ ಅಡ್ಡ ಬರದ ಅಪರೂಪದ ಮೇಲಧಿಕಾರಿ. ಆಗ ವಿದ್ಯುತ್ತಿನಿಂದ ಧ್ವನಿಮುದ್ರಣ ಮಾಡುವ ಯಂತ್ರದ ಹಕ್ಕು ಅಮೆರಿಕದವರ ಕೈಯಲ್ಲಿತ್ತು. ಮಾರಾಟವಾದ ಪ್ರತಿಯೊಂದು ತಟ್ಟೆಗೂ ಅವರಿಗೆ ರಾಯಧನ ತೆರಬೇಕಾಗಿತ್ತು. ಆ ಹಕ್ಕಿನ ಬೇಲಿಯನ್ನು ಮುಟ್ಟದೆ ಬೇರೊಂದು ಯಂತ್ರವನ್ನು ಕಟ್ಟಿಕೊಡುವುದು ಬ್ಲಮ್‌ಲೈನನಿಗೆ ವಹಿಸಿದ ಕೆಲಸ. ಅವನು ಕಟ್ಟಿದ ಹೊಸ ಕೊರೆಯುವ ಯಂತ್ರವು ಹಳೆಯದಕ್ಕಿಂತ ಚೆನ್ನಾಗಿಯೇ ಹಾಡಿತು. 1931ರಲ್ಲಿ ಕೊಲಂಬಿಯವೂ, ನಾಯಿಯ ಗುರುತಿನ ಹಿಸ್ ಮಾಸ್ಟರ್ಸ್ ವಾಯ್ಸ್ ತಟ್ಟೆಗಳನ್ನು ಹೊರಡಿಸುತ್ತಿದ್ದ ಗ್ರಾಮಫೋನ್ ಕಂಪನಿಯೂ ಕೂಡಿ ಇಎಂಐ ಆದವು. ಕನ್ನಡ ನಾಡಿನ ಹಳೆಯ ಮನೆಗಳ ಅಟ್ಟದಲ್ಲಿ ಇಂದಿಗೂ ಸಿಗಬಹುದಾದ ಆ ನಾಯಿಯ ಚಿತ್ರದ ತಟ್ಟೆಗಳ ಮೂಲಸಂಸ್ಥೆ ಅದೇ. ಆ ವರ್ಷದ ನವೆಂಬರಿನಲ್ಲಿ ಲಂಡನ್ನಿನ ಆ್ಯಬಿ ರೋಡ್ ಎಂಬ ಬೀದಿಯಲ್ಲಿ ಕಂಪನಿಯ ಹೊಸ ಧ್ವನಿಮುದ್ರಣಾಲಯದ ಬಾಗಿಲು ತೆರೆಯಿತು. ಒಂದು ತಿಂಗಳಿಗೆ ಬ್ಲಮ್‌ಲೈನನ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು.

ಆ ಅರ್ಜಿಯಲ್ಲಿ ಇದ್ದುದೇನೆಂಬುದನ್ನು ಸ್ವಲ್ಪ ನಿಂತು ನೋಡಬೇಕು. ಬ್ಲಮ್‌ಲೈನನ ಜೀವನದ ತಿರುಳು ಅಲ್ಲಿಯೇ ಇದೆ.

ಯಕ್ಷಗಾನದ ಬಯಲಿನಲ್ಲಿ ಕಣ್ಣು ಮುಚ್ಚಿ ಕುಳಿತವನಿಗೂ ಚೆಂಡೆ ಯಾವ ಬದಿಯಲ್ಲಿದೆ, ಭಾಗವತರು ಎಲ್ಲಿ ಕುಳಿತಿದ್ದಾರೆ ಎಂಬುದು ತಿಳಿಯುತ್ತದೆ. ಎರಡು ಕಿವಿಗಳಿರುವುದರಿಂದ ದೊರೆತ ಅರಿವು ಇದು. ಬಲದಿಂದ ಬಂದ ಸದ್ದು ಬಲಗಿವಿಯನ್ನು ಕೂದಲೆಳೆಯಷ್ಟು ಮೊದಲು ಮುಟ್ಟುತ್ತದೆ. ಎಡಗಿವಿಗೆ ತಲೆಯ ಮರೆಯಿರುವುದರಿಂದ ಅಲ್ಲಿಗೆ ಸ್ವಲ್ಪ ಕುಗ್ಗಿ ತಲಪುತ್ತದೆ. ತಗ್ಗಿನ ಸ್ವರಗಳಿಗೆ ಕಾಲದ ವ್ಯತ್ಯಾಸವೂ ಏರಿನ ಸ್ವರಗಳಿಗೆ ಬಲದ ವ್ಯತ್ಯಾಸವೂ ದಿಕ್ಕಿನ ಸುಳಿವು ಕೊಡುತ್ತವೆ. ಇಷ್ಟು ಬ್ಲಮ್‌ಲೈನನಿಗಿಂತ ಮೊದಲೇ ಗೊತ್ತಿದ್ದ ಸಂಗತಿ. ಎರಡು ಮೈಕ್ರೊಫೋನುಗಳನ್ನಿಟ್ಟು, ಅವುಗಳ ದನಿಯನ್ನು ಎರಡು ಕಿವಿಗಳಿಗೆ ಬೇರೆಬೇರೆಯಾಗಿ ಹೆಡ್‌ಫೋನಿನಲ್ಲಿ ಕೇಳಿಸಿದರೆ ದಿಕ್ಕು ತಿಳಿಯುತ್ತದೆಂಬುದೂ ಹಳೆಯ ಮಾತೇ. ತೊಡಕು ಬಂದದ್ದು ಧ್ವನಿವರ್ಧಕಗಳಲ್ಲಿ. ಕೋಣೆಯಲ್ಲಿಟ್ಟ ಎಡ ಧ್ವನಿವರ್ಧಕದ ಸದ್ದು ಎಡಗಿವಿಗೆ ಮಾತ್ರವಲ್ಲದೆ ಬಲಗಿವಿಗೂ ಬೀಳುತ್ತದೆ; ಬಲದ್ದು ಎಡಕ್ಕೂ ಬೀಳುತ್ತದೆ. ಹೀಗೆ ಬೆರೆತ ಮೇಲೆ ಮೊದಲಿನ ಕಾಲವ್ಯತ್ಯಾಸದ ಲೆಕ್ಕವೆಲ್ಲ ಕೆಟ್ಟುಹೋಗುತ್ತದೆ.

ಬ್ಲಮ್‌ಲೈನ್ ಕಂಡದ್ದು ಈ ಬೆರಕೆಯನ್ನೇ ದುಡಿಸಿಕೊಳ್ಳುವ ದಾರಿಯನ್ನು. ಎರಡು ಧ್ವನಿವರ್ಧಕಗಳಿಂದ ಒಂದೇ ದನಿಯನ್ನು ಏಕಕಾಲಕ್ಕೆ, ಆದರೆ ಬೇರೆಬೇರೆ ಬಲದಲ್ಲಿ ಹೊರಡಿಸಿದರೆ, ಗಾಳಿಯಲ್ಲಿ ಅವೆರಡೂ ಕೂಡಿಕೊಂಡು ಕಿವಿಗಳ ಬಳಿ ಬೇಕಾದ ಕಾಲವ್ಯತ್ಯಾಸವನ್ನು ತಾವೇ ಹುಟ್ಟಿಸುತ್ತವೆ. ಆಗ ಕೇಳುವವನಿಗೆ ಎರಡು ಧ್ವನಿವರ್ಧಕಗಳ ನಡುವಿನ ಬರಿಯ ಗಾಳಿಯಲ್ಲಿ ಗಾಯಕನೊಬ್ಬನು ನಿಂತು ಹಾಡಿದಂತೆ ಅನಿಸುತ್ತದೆ. ಹಾಗಿದ್ದರೆ ಮುದ್ರಿಸುವಾಗ ಹಿಡಿಯಬೇಕಾದದ್ದು ಬಲದ ವ್ಯತ್ಯಾಸವನ್ನು. ಅದಕ್ಕಾಗಿ ಎರಡು ಮೈಕ್ರೊಫೋನುಗಳನ್ನು ದೂರದೂರದಲ್ಲಿಡದೆ ಒಂದೇ ಜಾಗದಲ್ಲಿ, ಒಂದು ಎಡಕ್ಕೂ ಇನ್ನೊಂದು ಬಲಕ್ಕೂ ಮುಖ ಮಾಡಿ ಲಂಬಕೋನದಲ್ಲಿಡುವ ಕ್ರಮ ಹುಟ್ಟಿತು. ಧ್ವನಿಮುದ್ರಣದವರು ಇಂದಿಗೂ ಆ ಜೋಡಿಯನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಅಂಥ ಮೈಕ್ರೊಫೋನುಗಳು ಆಗ ಸುಲಭವಾಗಿ ದೊರೆಯುತ್ತಿರಲಿಲ್ಲವಾದ್ದರಿಂದ, ಸಾಮಾನ್ಯ ಮೈಕ್ರೊಫೋನುಗಳ ಕಾಲವ್ಯತ್ಯಾಸವನ್ನು ಬಲದ ವ್ಯತ್ಯಾಸವಾಗಿ ಮಾರ್ಪಡಿಸುವ ವಿದ್ಯುನ್ಮಂಡಲವನ್ನೂ ಅವನು ಜೊತೆಯಲ್ಲಿಯೇ ಕೊಟ್ಟನು. ಎಡ ಬಲಗಳನ್ನು ಕೂಡಿಸಿ ಒಂದು ಮೊತ್ತ, ಕಳೆದು ಒಂದು ವ್ಯತ್ಯಾಸ. ಇವೆರಡನ್ನು ಬೇಕಾದಂತೆ ತಿದ್ದಿ ಮತ್ತೆ ಎಡಬಲಗಳಾಗಿ ಬಿಡಿಸುವುದು ಅದರ ಗುಟ್ಟು. ಪ್ರಾಥಮಿಕ ಶಾಲೆಯ ಕೂಡುವ ಕಳೆಯುವ ಲೆಕ್ಕವೇ ಇದು. ಆದರೂ ಅದಕ್ಕಿಂತ ಮೊದಲು ಈ ಕೆಲಸಕ್ಕೆ ಅದನ್ನು ಹೂಡಬಹುದೆಂದು ಯಾರಿಗೂ ತೋರಿರಲಿಲ್ಲ.

ಇನ್ನು ತಟ್ಟೆಯ ಮಾತು. ಒಂದು ಮುಳ್ಳು ಒಂದು ಗೀರಿನಲ್ಲಿ ಓಡುವಾಗ ಎರಡು ದನಿಗಳನ್ನು ಅದರಲ್ಲಿ ತುಂಬುವುದು ಹೇಗೆ? ಅಂದಿನ ಸಾಮಾನ್ಯ ತಟ್ಟೆಗಳಲ್ಲಿ ಮುಳ್ಳು ಎಡಕ್ಕೂ ಬಲಕ್ಕೂ ಓಲಾಡುತ್ತಿತ್ತು. ಎಡಿಸನ್ನನ ಹಳೆಯ ಕ್ರಮದಲ್ಲಿ ಮೇಲಕ್ಕೂ ಕೆಳಕ್ಕೂ ಕುಣಿಯುತ್ತಿತ್ತು. ಬ್ಲಮ್‌ಲೈನ್ ಗೀರಿನ ಎರಡು ಗೋಡೆಗಳನ್ನು ತಟ್ಟೆಯ ಮೇಲ್ಮೈಗೆ 45 ಡಿಗ್ರಿ ಓರೆಯಾಗಿ, ಒಂದಕ್ಕೊಂದು ಲಂಬವಾಗಿ ನಿಲ್ಲಿಸಿ, ಒಂದು ಗೋಡೆಯಲ್ಲಿ ಎಡದ ದನಿಯನ್ನೂ ಇನ್ನೊಂದರಲ್ಲಿ ಬಲದ ದನಿಯನ್ನೂ ಬರೆಯುವ ಉಪಾಯವನ್ನು ಹೇಳಿದನು. ಲಂಬವಾದ ಎರಡು ಚಲನೆಗಳು ಒಂದನ್ನೊಂದು ಕೆಡಿಸುವುದಿಲ್ಲ. ಟೆಲಿಫೋನ್ ತಂತಿಗಳ ಸೋರಿಕೆಯೊಂದಿಗೆ ಸೆಣಸಿದವನಿಗೆ ಇದು ಹೊಳೆದದ್ದು ಆಶ್ಚರ್ಯವಲ್ಲ. ಪೇಟೆಂಟು 394325ನೆಯ ಸಂಖ್ಯೆಯಲ್ಲಿ 1933ರ ಜೂನಿನಲ್ಲಿ ಅಂಗೀಕೃತವಾಯಿತು. ಅದರಲ್ಲಿ ಹಕ್ಕು ಕೇಳಿದ ಅಂಶಗಳು ಎಪ್ಪತ್ತು. ಅದೇ ವರ್ಷ ಡೊರೀನಳೊಂದಿಗೆ ಅವನ ಮದುವೆಯೂ ನಡೆಯಿತು. ಮುಂದೆ ಅವರಿಗೆ ಇಬ್ಬರು ಗಂಡುಮಕ್ಕಳಾದರು.

ಸ್ಟೀರಿಯೊ ಇವನೊಬ್ಬನದೇ ಸೃಷ್ಟಿಯೆಂದು ಹೇಳುವುದು ಸರಿಯಾಗಲಾರದು. ಅದೇ ವರ್ಷಗಳಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹಾರ್ವೆ ಫ್ಲೆಚರ್, ಆರ್ಥರ್ ಕೆಲ್ಲರ್ ಮೊದಲಾದವರು ಸ್ವತಂತ್ರವಾಗಿ ಇದೇ ಹಾದಿಯಲ್ಲಿದ್ದರು. 1933ರಲ್ಲಿ ಫಿಲಡೆಲ್ಫಿಯದ ವಾದ್ಯಮೇಳವನ್ನು ಮೂರು ಮೈಕ್ರೊಫೋನು, ಮೂರು ತಂತಿ, ಮೂರು ಧ್ವನಿವರ್ಧಕಗಳ ಮೂಲಕ ವಾಷಿಂಗ್ಟನ್ನಿನ ಸಭಾಂಗಣದಲ್ಲಿ ಅವರು ಕೇಳಿಸಿದರು. ವೇದಿಕೆಯ ಮುಂದೆ ಸಾಲಾಗಿ ಮೈಕ್ರೊಫೋನುಗಳ ಪರದೆಯನ್ನೇ ಕಟ್ಟಬೇಕೆಂಬುದು ಅವರ ತತ್ತ್ವ. ಎರಡೇ ಸಾಕು, ಆದರೆ ಕಿವಿಯ ಮನಸ್ಸನ್ನು ಅರಿತಿರಬೇಕೆಂಬುದು ಬ್ಲಮ್‌ಲೈನನ ತತ್ತ್ವ. ಮನೆಯೊಳಗೆ ಬಂದು ನೆಲೆಸಿದ್ದು ಎರಡನೆಯದು.

1933ರ ಕೊನೆಯಲ್ಲಿ ಹೇಯ್ಸ್ ಎಂಬಲ್ಲಿನ ಇಎಂಐ ಪ್ರಯೋಗಾಲಯದಲ್ಲಿ ಮೊದಲ ತಟ್ಟೆಗಳು ಸಿದ್ಧವಾದವು. ಅವುಗಳಲ್ಲಿ ಇದ್ದುದು ಸಂಗೀತವಲ್ಲ. ಸಹೋದ್ಯೋಗಿಗಳು ಕೋಣೆಯಲ್ಲಿ ಆ ಕಡೆ ಈ ಕಡೆ ನಡೆಯುತ್ತ ಆಡಿದ ಮಾತು. 1934ರ ಜನವರಿಯಲ್ಲಿ ಯಂತ್ರಗಳು ಆ್ಯಬಿ ರೋಡಿಗೆ ಬಂದವು. ಸರ್ ಥಾಮಸ್ ಬೀಚಮ್ ಲಂಡನ್ ಫಿಲ್‌ಹಾರ್ಮೋನಿಕ್ ವಾದ್ಯಮೇಳದೊಂದಿಗೆ ಮೋಟ್ಸಾರ್ಟನ ಜುಪಿಟರ್ ಸಿಂಫೊನಿಯನ್ನು ನುಡಿಸುತ್ತಿದ್ದಾಗ ಬ್ಲಮ್‌ಲೈನನ ತಂಡ ಅದನ್ನು ಎರಡು ದನಿಗಳಲ್ಲಿ ಹಿಡಿಯಿತು. 1935ರಲ್ಲಿ ಚಲನಚಿತ್ರದ ಸರದಿ. ಚಿತ್ರಮಂದಿರದ ಆ ದಿನದ ದೂರಿಗೆ ಉತ್ತರವಾಗಿ, ವೇದಿಕೆಯ ಮೇಲೆ ಜನರು ಮಾತನಾಡುತ್ತ ಅಡ್ಡಾಡುವ ಕಿರುಚಿತ್ರವನ್ನೂ, ಹೇಯ್ಸ್ ನಿಲ್ದಾಣದಲ್ಲಿ ರೈಲುಗಳು ಬಂದುಹೋಗುವ ಇನ್ನೊಂದನ್ನೂ ಅವರು ತೆಗೆದರು.

ಅಲ್ಲಿಗೆ ಎಲ್ಲವೂ ನಿಂತಿತು. ಆರ್ಥಿಕ ಮುಗ್ಗಟ್ಟಿನ ದಿನಗಳವು. ಒಂದು ಧ್ವನಿವರ್ಧಕದ ಗ್ರಾಮಫೋನನ್ನೇ ಜನ ಕೊಳ್ಳಲಾರದಿದ್ದಾಗ ಎರಡರದನ್ನು ಕೊಳ್ಳುವವರು ಯಾರು? 78 ಸುತ್ತಿನ ಅರಗಿನ ತಟ್ಟೆಯ ಕರಕರ ಸದ್ದಿನಲ್ಲಿ ಈ ನಯವೆಲ್ಲ ಮುಳುಗಿಹೋಗುತ್ತಿದ್ದುದೂ ನಿಜ. ಕಂಪನಿಯ ದೃಷ್ಟಿ ದೂರದರ್ಶನದ ಕಡೆಗೆ ಹೊರಳಿತ್ತು. ಈ ತೀರ್ಮಾನವನ್ನು ಇಂದು ದೂರದೃಷ್ಟಿಯಿಲ್ಲದ್ದೆಂದು ಹಳಿಯುವುದು ಸುಲಭ. ಆದರೆ ಬ್ಲಮ್‌ಲೈನ್ ಅದರಿಂದ ಕೈಕಟ್ಟಿ ಕುಳಿತವನಲ್ಲ. ಶೋನ್‌ಬರ್ಗನ ತಂಡದಲ್ಲಿ ಅವನು ದೂರದರ್ಶನದ ವಿದ್ಯುನ್ಮಂಡಲಗಳನ್ನು ಒಂದರ ಹಿಂದೊಂದು ಕಟ್ಟಿದನು. 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರ ಪ್ಯಾಲೇಸಿನಿಂದ ಬಿಬಿಸಿಯ ದೂರದರ್ಶನ ಆರಂಭವಾದಾಗ ಬೇರ್ಡನ 240 ಗೆರೆಗಳ ಪದ್ಧತಿಯೂ ಇವರ 405 ಗೆರೆಗಳ ಪದ್ಧತಿಯೂ ಸರದಿಯಂತೆ ಪ್ರಸಾರವಾಗುತ್ತಿದ್ದವು. ಕೆಲವೇ ತಿಂಗಳಲ್ಲಿ ಬೇರ್ಡನದು ಹಿಂದೆ ಸರಿಯಿತು. 405 ಗೆರೆಗಳ ಆ ಪದ್ಧತಿ ಬ್ರಿಟನ್ನಿನಲ್ಲಿ 1985ರವರೆಗೂ ಬಾಳಿತು. ತನ್ನ ಅಲ್ಪಾಯುಸ್ಸಿನಲ್ಲಿ ಬ್ಲಮ್‌ಲೈನ್ ಪಡೆದ ಪೇಟೆಂಟುಗಳು 128. ಸರಾಸರಿ ನೋಡಿದರೆ ದುಡಿದ ಕಾಲದಲ್ಲಿ ಒಂದೂವರೆ ಎರಡು ತಿಂಗಳಿಗೊಂದು.

ಅವನ ಸ್ವಭಾವದ ಬಗ್ಗೆ ಉಳಿದಿರುವ ನೆನಪುಗಳು ಹೆಚ್ಚಿಲ್ಲ. ವಿಮಾನ ಹಾರಿಸುವ ಹುಚ್ಚಿತ್ತು. ಪರವಾನಗಿ ಪಡೆದು ಪುಟ್ಟ ವಿಮಾನಗಳಲ್ಲಿ ತಾನೇ ಹಾರುತ್ತಿದ್ದನು. ಬುದ್ಧಿ ಮಂದವಾಗಿರುವವರೊಡನೆ ತಾಳ್ಮೆ ಕಡಿಮೆ. ತನಗೆ ತೋರಿದ್ದನ್ನು ಪುಸ್ತಕವಾಗಿ ಬರೆಯುವ ಗೊಡವೆಗೆ ಹೋಗಲಿಲ್ಲ. ಅವನ ಬರವಣಿಗೆಯೆಂದರೆ ಬಹುತೇಕ ಪೇಟೆಂಟುಗಳ ಒಣ ಗದ್ಯವೇ. ಅವನು ಬೇಗ ಮರೆತುಹೋಗಲು ಇದೂ ಒಂದು ಕಾರಣ.

ಯುದ್ಧ ಸಮೀಪಿಸಿದಾಗ ಹಳೆಯ ವಿದ್ಯೆ ಬೇರೊಂದು ವೇಷದಲ್ಲಿ ಮರಳಿ ಬಂದಿತು. ರಾತ್ರಿಯ ಆಕಾಶದಲ್ಲಿ ಶತ್ರುವಿಮಾನ ಎಲ್ಲಿದೆಯೆಂದು ದೊಡ್ಡ ಕಹಳೆಗಳಿಗೆ ಕಿವಿಕೊಟ್ಟು ಪತ್ತೆಹಚ್ಚುವ ಸೈನಿಕರಿದ್ದರು. ಆ ಸದ್ದಿನ ದಿಕ್ಕನ್ನು ಕಿವಿಯ ಬದಲು ಕಣ್ಣಿಗೆ ತೋರಿಸುವ, ಚಿತ್ರನಳಿಗೆಯ ಮೇಲೆ ಗುರುತಾಗಿ ಮೂಡಿಸುವ ಉಪಕರಣವನ್ನು ಬ್ಲಮ್‌ಲೈನನ ತಂಡ ರೂಪಿಸಿಕೊಟ್ಟಿತು. ನಟನ ದನಿ ಎಲ್ಲಿದೆಯೆಂಬ ಪ್ರಶ್ನೆ ಈಗ ಬಾಂಬು ಹೊತ್ತ ವಿಮಾನ ಎಲ್ಲಿದೆಯೆಂಬ ಪ್ರಶ್ನೆಯಾಗಿತ್ತು. ಅಲ್ಲಿಂದ ಅವನು ರೇಡಾರಿನ ಕೆಲಸಕ್ಕೆ ನಡೆದನು.

1942ರಲ್ಲಿ ಎಚ್‌2ಎಸ್ ಎಂಬ ಗುಪ್ತನಾಮದ ರೇಡಾರ್ ಸಿದ್ಧವಾಗುತ್ತಿತ್ತು. ಮೋಡ ಕವಿದ ಕತ್ತಲಿನಲ್ಲಿಯೂ ಕೆಳಗಿನ ನೆಲದ ಚಿತ್ರವನ್ನು ವಿಮಾನದೊಳಗಿನ ಪರದೆಯ ಮೇಲೆ ಮೂಡಿಸುವ ಯಂತ್ರವದು. ಜೂನ್ 7ರ ಭಾನುವಾರ ಮಧ್ಯಾಹ್ನ ಅದರ ಪರೀಕ್ಷೆಗಾಗಿ ಡಿಫರ್ಡ್ ವಿಮಾನನಿಲ್ದಾಣದಿಂದ ಹ್ಯಾಲಿಫ್ಯಾಕ್ಸ್ ವಿಮಾನವೊಂದು ಮೇಲೇರಿತು. ಅದರಲ್ಲಿ ಬ್ಲಮ್‌ಲೈನನೂ ಅವನ ಇಎಂಐ ಸಹೋದ್ಯೋಗಿಗಳಾದ ಸೆಸಿಲ್ ಬ್ರೌನ್, ಫ್ರಾಂಕ್ ಬ್ಲೈತನ್ ಇಬ್ಬರೂ ಇದ್ದರು. ಹಾರಾಟದ ನಡುವೆ ಬಲರೆಕ್ಕೆಯ ಹೊರಗಿನ ಎಂಜಿನ್ನಿಗೆ ಬೆಂಕಿ ಹತ್ತಿತು. ವೈ ನದಿಯ ದಂಡೆಯ ವೆಲ್ಷ್ ಬಿಕ್‌ನರ್ ಎಂಬ ಹಳ್ಳಿಯ ಬಳಿ ವಿಮಾನವು ನೆಲಕ್ಕಪ್ಪಳಿಸಿತು. ಒಳಗಿದ್ದ ಹನ್ನೊಂದು ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ. ಎಂಜಿನ್ನಿನ ಕವಾಟವೊಂದರ ನಟ್ಟು ಸರಿಯಾಗಿ ಬಿಗಿಯಾಗಿರದೆ ಸಡಿಲಗೊಂಡದ್ದೇ ಬೆಂಕಿಗೆ ಮೂಲವೆಂದು ತನಿಖೆಯಿಂದ ತಿಳಿದುಬಂತು. ಬ್ಲಮ್‌ಲೈನನಿಗೆ ಮೂವತ್ತೊಂಬತ್ತು ತುಂಬಲು ಇನ್ನೂ ಮೂರು ವಾರಗಳಿದ್ದವು.

ರೇಡಾರಿನ ಒಡಲೆನಿಸಿದ ಮ್ಯಾಗ್ನಟ್ರಾನ್ ಎಂಬ ನಳಿಗೆಯನ್ನು ಭಗ್ನಾವಶೇಷದಿಂದ ಹೆಕ್ಕಿ ತರಲಾಯಿತು. ಸತ್ತವರ ಸುದ್ದಿಯನ್ನು ಮಾತ್ರ ಹೊರಗೆ ಬಿಡಲಿಲ್ಲ. ಬ್ರಿಟನ್ನಿನ ಅತ್ಯುತ್ತಮ ವಿದ್ಯುತ್ ಎಂಜಿನಿಯರನೊಬ್ಬನು ಸತ್ತನೆಂಬುದು ಶತ್ರುವಿಗೆ ಸಂತಸದ ಸುದ್ದಿಯಾಗುವಂತಿತ್ತು. ಯುದ್ಧ ನಡೆಯುತ್ತಿದ್ದಷ್ಟು ಕಾಲ ಪತ್ರಿಕೆಗಳಲ್ಲಿ ಅವನ ಬದುಕು ಸಾಧನೆಗಳನ್ನು ಕುರಿತ ಬರಹ ಬರಲಿಲ್ಲ. ಯುದ್ಧ ಮುಗಿದ ಮೇಲೆ ನೆನೆಯಬೇಕಾದ ಸತ್ತವರು ಲೆಕ್ಕವಿಲ್ಲದಷ್ಟಿದ್ದರು. ಎಚ್‌2ಎಸ್ 1943ರ ಜನವರಿಯಲ್ಲಿ ಕಾರ್ಯಾಚರಣೆಗೆ ಇಳಿಯಿತು. ಅದು ತೋರಿಸಿಕೊಟ್ಟ ಊರುಗಳ ಮೇಲೆ ಬಿದ್ದ ಬಾಂಬುಗಳನ್ನೂ ಈ ಜೀವನದ ಲೆಕ್ಕದಿಂದ ಹೊರಗಿಡುವಂತಿಲ್ಲ.

ಕರಕರ ಸದ್ದು ಕಡಿಮೆಯಾದ ವಿನೈಲ್ ತಟ್ಟೆಗಳು ಬಂದ ಮೇಲೆ ಎರಡು ದನಿಗಳ ಮಾತು ಮತ್ತೆ ಹೊರಟಿತು. ಇಎಂಐ 1955ರಲ್ಲಿ ಬ್ಲಮ್‌ಲೈನನ ಮೈಕ್ರೊಫೋನ್ ಜೋಡಿಯಿಂದ ಮುದ್ರಿಸಿದ ಸ್ಟೀರಿಯೊ ಟೇಪುಗಳನ್ನು ಹೊರತಂದಿತು. ಅಮೆರಿಕದ ವೆಸ್ಟ್ರೆಕ್ಸ್ ಕಂಪನಿಯು 45 ಡಿಗ್ರಿಯ ಎರಡು ಗೋಡೆಗಳ ಗೀರನ್ನು ತನ್ನ ಹೊಸ ಕ್ರಮವಾಗಿ ತೋರಿಸಿತು. 1958ರಲ್ಲಿ ಸ್ಟೀರಿಯೊ ತಟ್ಟೆಗಳು ಅಂಗಡಿಗೆ ಬಂದವು. ಆ ಗೀರು ಹೇಯ್ಸ್‌ನಲ್ಲಿ ಕಾಲು ಶತಮಾನದ ಹಿಂದೆಯೇ ಕೊರೆದಾಗಿತ್ತೆಂಬುದು ಹಳೆಯ ಕಡತ ಬಿಚ್ಚಿದಾಗ ಕಂಡಿತು. ಅಷ್ಟರಲ್ಲಿ ಪೇಟೆಂಟಿನ ಅವಧಿ ತೀರಿತ್ತು. ಕೋಟಿಗಟ್ಟಲೆ ತಟ್ಟೆಗಳು ಮಾರಾಟವಾದರೂ ಅದರಿಂದ ಒಂದು ಕಾಸೂ ಬರುವಂತಿರಲಿಲ್ಲ.

ಈ ಕಥೆ ರಾಕ್ ಸಂಗೀತಕ್ಕೆ ತಾಗುವುದು ಇಲ್ಲಿಂದ. ಬೀಟಲ್ಸರು ಹಾಡಿದ್ದು ಆ್ಯಬಿ ರೋಡಿನಲ್ಲಿಯೇ. ಅವರ ಆರಂಭದ ಸ್ಟೀರಿಯೊ ತಟ್ಟೆಗಳಲ್ಲಿ ಗಾಯನವೆಲ್ಲ ಒಂದು ಕಡೆ, ವಾದ್ಯವೆಲ್ಲ ಇನ್ನೊಂದು ಕಡೆ ನಿಂತಿರುತ್ತವೆ. ಬ್ಲಮ್‌ಲೈನ್ ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದನೇನೋ. ಅವನು ಬಯಸಿದ್ದು ನಿಜವಾದ ಸಭಾಂಗಣವೊಂದರ ನಿಜವಾದ ನೆಲೆಗಳನ್ನು ಹಿಡಿಯುವುದನ್ನು. ರಾಕ್ ಸಂಗೀತಗಾರರಾದರೋ ಒಂದೊಂದು ವಾದ್ಯವನ್ನೂ ಟೇಪಿನ ಬೇರೆಬೇರೆ ಪಟ್ಟಿಗಳಲ್ಲಿ ಮುದ್ರಿಸಿ, ಆಮೇಲೆ ಗುಂಡಿ ತಿರುಗಿಸಿ ಬೇಕಾದಲ್ಲಿ ಕೂರಿಸುತ್ತಿದ್ದರು. ಎಂದೂ ಇರದಿದ್ದ ಸಭಾಂಗಣವೊಂದನ್ನು ಅವರು ಕಟ್ಟಿದರು. ಆದರೂ ಗುಂಡಿ ತಿರುಗಿಸಿದಾಗ ಗಿಟಾರ್ ಗಾಳಿಯಲ್ಲಿ ಸರಿದಾಡುವುದು 1931ರಲ್ಲಿ ಕಂಡುಕೊಂಡ ಅದೇ ನಿಯಮದಿಂದ.

1970ರ ದಶಕದಲ್ಲಿ ಎರಡು ಸಾಲದೆ ನಾಲ್ಕು ಧ್ವನಿವರ್ಧಕಗಳ ಕ್ವಾಡ್ರಫೋನಿ ಬಂತು. ಪಿಂಕ್ ಫ್ಲಾಯ್ಡ್ ತಂಡದ ದ ಡಾರ್ಕ್ ಸೈಡ್ ಆಫ್ ದ ಮೂನ್ 1973ರಲ್ಲಿ ಹೊರಬಂದಿತು. ಅದನ್ನು ಆ್ಯಬಿ ರೋಡಿನಲ್ಲಿ ಮುದ್ರಿಸಿದ ಅಲನ್ ಪಾರ್ಸನ್ಸ್ ಅದರ ನಾಲ್ಕು ದನಿಗಳ ಪಾಠವನ್ನೂ ಸಿದ್ಧಪಡಿಸಿದನು. ಅದರಲ್ಲಿ ಏಕಕಾಲಕ್ಕೆ ಬಾರಿಸುವ ಗಡಿಯಾರಗಳನ್ನು ಅವನು ಮೊದಲು ಮುದ್ರಿಸಿದ್ದೇ ಕ್ವಾಡ್ರಫೋನಿಯ ಪ್ರದರ್ಶನಕ್ಕಾಗಿ. ಆದರೆ ಒಂದು ಕಂಪನಿಯ ತಟ್ಟೆ ಇನ್ನೊಂದರ ಯಂತ್ರದಲ್ಲಿ ಸರಿಯಾಗಿ ನುಡಿಯುತ್ತಿರಲಿಲ್ಲ. ಜಗಳದಲ್ಲಿ ಆ ಪದ್ಧತಿ ಸೊರಗಿತು. ಚಿತ್ರಮಂದಿರದಲ್ಲಿ ಮಾತ್ರ ಮೊತ್ತ ವ್ಯತ್ಯಾಸಗಳ ಲೆಕ್ಕ ಗೆದ್ದಿತು. ಡಾಲ್ಬಿಯವರ ಪದ್ಧತಿಯಲ್ಲಿ ಎಡಬಲಗಳ ಮೊತ್ತವು ತೆರೆಯ ನಡುವಿನಿಂದಲೂ ವ್ಯತ್ಯಾಸವು ಪ್ರೇಕ್ಷಕರ ಬೆನ್ನ ಹಿಂದಿನಿಂದಲೂ ಕೇಳಿಸತೊಡಗಿತು.

ಅದೇ ದಶಕದಲ್ಲಿ ಆಕ್ಸ್‌ಫರ್ಡಿನ ಗಣಿತಜ್ಞ ಮೈಕೇಲ್ ಗರ್ಜನ್ ಬ್ಲಮ್‌ಲೈನನ ಅಡ್ಡಜೋಡಿಯ ತತ್ತ್ವವನ್ನು ಸುತ್ತಲಿನ ಇಡೀ ಗೋಲಕ್ಕೆ ಹಿಗ್ಗಿಸಿದನು. ಅದಕ್ಕೆ ಆ್ಯಂಬಿಸಾನಿಕ್ಸ್ ಎಂದು ಹೆಸರಾಯಿತು. ಮಾರುಕಟ್ಟೆ ಅದನ್ನು ಕಡೆಗಣಿಸಿತು. ಗರ್ಜನ್ 1996ರಲ್ಲಿ ಐವತ್ತರ ವಯಸ್ಸಿನಲ್ಲಿ ತೀರಿಕೊಂಡನು. ಅದಕ್ಕೆ ಮೊದಲು ತನ್ನ ಗೆಳೆಯರೊಂದಿಗೆ, ದನಿಯ ಒಂದು ಅಂಕಿಯನ್ನೂ ಕಳೆಯದೆ ಗಾತ್ರವನ್ನು ಕುಗ್ಗಿಸುವ ಕ್ರಮವೊಂದನ್ನು ರೂಪಿಸಿದ್ದನು. ಸಾಮಾನ್ಯ ಸಿಡಿಯಲ್ಲಿ ದನಿಯ ಪ್ರತಿ ಮಾದರಿಗೆ 16 ಬಿಟ್‌ಗಳು. 2000ದಲ್ಲಿ ಬಂದ ಡಿವಿಡಿ ಆಡಿಯೊ ತಟ್ಟೆಯಲ್ಲಿ 24 ಬಿಟ್‌ಗಳು, ಸೆಕೆಂಡಿಗೆ 96,000 ಮಾದರಿಗಳು, ಅದೂ ಆರು ದನಿಗಳಿಗೆ. ಅಷ್ಟನ್ನು ಒಂದು ತಟ್ಟೆಯಲ್ಲಿ ಹಿಡಿಸಿದ್ದು ಆ ಕ್ರಮವೇ.

ಇಂಥ ತಟ್ಟೆಗಳಿಂದ ಹಳೆಯ ರಾಕ್ ಸಂಗೀತಕ್ಕೆ ಎರಡನೆಯ ಜನ್ಮ ಬಂದಿತು. ಮೂಲ ಟೇಪುಗಳ ಪಟ್ಟಿಗಳನ್ನು ಮತ್ತೆ ಬಿಚ್ಚಿ, ಮುಂದೆ ಮೂರು, ಹಿಂದೆ ಎರಡು, ತಗ್ಗಿನ ಗುಡುಗಿಗೆ ಒಂದು ಎಂಬಂತೆ ಆರು ಧ್ವನಿವರ್ಧಕಗಳಿಗೆ ಹಂಚುವ ಕೆಲಸ ಆರಂಭವಾಯಿತು. ಡಾರ್ಕ್ ಸೈಡ್ ಆಫ್ ದ ಮೂನ್‌ನ ಮೂವತ್ತನೆಯ ವರ್ಷಕ್ಕೆ, 2003ರಲ್ಲಿ, ಜೇಮ್ಸ್ ಗತ್ರೀ ಮಾಡಿದ ಹೊಸ ಮಿಶ್ರಣ ಸೂಪರ್ ಆಡಿಯೊ ಸಿಡಿಯಾಗಿ ಬಂತು. ಕಿಂಗ್ ಕ್ರಿಮ್ಸನ್ ತಂಡದ 1969ರ ಮೊದಲ ಆಲ್ಬಮನ್ನು ಸ್ಟೀವನ್ ವಿಲ್ಸನ್ 2009ರಲ್ಲಿ ಹೀಗೆಯೇ ಬಿಡಿಸಿ ಕಟ್ಟಿದನು. ಬೀಟಲ್ಸರ ಆ್ಯಬಿ ರೋಡ್ ಎಂಬ ಆಲ್ಬಮ್ 2019ರಲ್ಲಿ ಬ್ಲೂರೇ ತಟ್ಟೆಯಲ್ಲಿ, ತಲೆಯ ಮೇಲಿನಿಂದಲೂ ದನಿ ಬರುವ ಕ್ರಮದಲ್ಲಿ ಹೊರಬಂತು. ಹಳೆಯ ಕೇಳುಗರಲ್ಲಿ ಹಲವರಿಗೆ ಇದು ಕೆತ್ತಿದ ಶಿಲ್ಪವನ್ನು ಮತ್ತೆ ಉಳಿಯಿಂದ ಮುಟ್ಟಿದಂತೆ; ಇನ್ನು ಕೆಲವರಿಗೆ ಗರ್ಭಗುಡಿಯೊಳಕ್ಕೇ ಪ್ರವೇಶ ಸಿಕ್ಕಂತೆ. ಮಿಶ್ರಣ ಮಾಡಿದವನ ಕಿವಿ ಹದವಾಗಿದ್ದರೆ ಎರಡನೆಯವರ ಮಾತೇ ಹೆಚ್ಚು ನಿಜ. ಆದರೆ ಹಿಂದಿನ ಧ್ವನಿವರ್ಧಕಗಳಿವೆಯೆಂಬ ಒಂದೇ ಕಾರಣಕ್ಕೆ ತಬಲೆಯಿಂದ ತಾಳದವರೆಗೆ ಎಲ್ಲವನ್ನೂ ಕೇಳುಗನ ಬೆನ್ನ ಹಿಂದೆ ಅಟ್ಟುವವರೂ ಇಲ್ಲದಿಲ್ಲ.

ಬ್ಲಮ್‌ಲೈನನ ಹೆಸರು ನಿಧಾನವಾಗಿ ಮರಳಿತು. ಲಂಡನ್ನಿನ ಈಲಿಂಗ್‌ನಲ್ಲಿ ಅವನು ವಾಸವಾಗಿದ್ದ ಮನೆಗೆ 1977ರಲ್ಲಿ ನೀಲಿ ಫಲಕ ಹಾಕಿದರು. ಪೂರ್ಣ ಪ್ರಮಾಣದ ಜೀವನಚರಿತ್ರೆಗಳು ಪ್ರಕಟವಾದದ್ದು ಅವನು ಸತ್ತು ಅರ್ಧ ಶತಮಾನ ಕಳೆದ ಮೇಲೆ. 2015ರಲ್ಲಿ ಆ್ಯಬಿ ರೋಡ್ ಧ್ವನಿಮುದ್ರಣಾಲಯದಲ್ಲಿ ಸ್ಟೀರಿಯೊ ಆವಿಷ್ಕಾರದ ಸ್ಮಾರಕ ಫಲಕವೊಂದು ಏರಿತು. 2017ರಲ್ಲಿ ಅಮೆರಿಕದ ಗ್ರ್ಯಾಮಿಯ ತಾಂತ್ರಿಕ ಗೌರವ ಅವನಿಗೆ ಸಂದಿತು. ಬೀಚಮ್‌ನ ಆ ಮುದ್ರಿಕೆಗಳೂ ಹೇಯ್ಸ್‌ನ ಕಿರುಚಿತ್ರಗಳೂ ಉಳಿದುಕೊಂಡಿವೆ. 1935ರ ಆ ಚಿತ್ರದಲ್ಲಿ ಉಗಿಬಂಡಿಯೊಂದು ತೆರೆಯ ಈ ಅಂಚಿನಿಂದ ಆ ಅಂಚಿಗೆ ಸಾಗುತ್ತದೆ, ಅದರ ಸದ್ದೂ ಅದರ ಜೊತೆಯಲ್ಲಿಯೇ ಸಾಗಿ ಮರೆಯಾಗುತ್ತದೆ.